ಫ್ಲೂ ಲಸಿಕೆ: ಯಾರಿಗೆ ಹಾಕಿಸಿದರೆ ಯಾರಿಗೆ ಲಾಭ?

ನಮ್ಮದು ಮೈಸೂರಿನಲ್ಲಿ ಒಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ನನ್ನನ್ನೂ ಸೇರಿಸಿ ಒಂಬತ್ತು ಜನ. ಎರಡು ವರ್ಷದ ಹಿಂದೆ ಆಷಾಢ ಮುಗಿಯುವ ಹೊತ್ತು. ಶ್ರಾವಣದ ಮದುವೆ ಕಾರ್ಡುಗಳು ಒಟ್ಟಿಗೆ ಬಂದು ಬೀಳುವ ಸಮಯ ಅದು. ಸರಿಯಾಗಿ ಆಗಲೇ ನಮ್ಮ ಬೈಂಡಿಂಗ್ ಹುಡುಗನಿಗೆ ಜ್ವರ ಬಂತು. ಹುಡುಗ ಅಂತೀವಿ, ವಯಸ್ಸು ಮೂವತ್ತೈದು. ಅವನಿಗೆ ಬಂದಿದ್ದು ಮಗಳಿಂದ, ಮಗಳಿಗೆ ಬಂದಿದ್ದು ಸ್ಕೂಲಿನಿಂದ. ಮೂರನೇ ದಿನ ಡಿಟಿಪಿ ಮಾಡುವವರು ಮಲಗಿದರು. ಐದನೇ ದಿನ ಮಷಿನ್‌ಮನ್.

ನಮ್ಮಲ್ಲಿ ಆಫ್‌ಸೆಟ್ ಮಷಿನ್ ಓಡಿಸೋಕೆ ಬರುವುದು ಅವರೊಬ್ಬರಿಗೇ. ರೋಲರ್ ಮೇಲೆ ಇಂಕು ಒಣಗಬಾರದು ಅಂತ ನಾನೇ ಕೈಯಾರೆ ತೊಳೆದೆ. ಮಷಿನ್‌ಗೆ ಪ್ಲಾಸ್ಟಿಕ್ ಹೊದಿಸಿ ನಾಲ್ಕು ದಿನ ಸುಮ್ನೆ ಕೂತೆ. ಒಂದು ಮನೆಯವರು ಕಾಯಲಾರದೆ ಕಾರ್ಡು ಬೇರೆ ಕಡೆ ಮಾಡಿಸಿಕೊಂಡರು. ಅಡ್ವಾನ್ಸ್ ವಾಪಸ್ ಕೊಟ್ಟೆ. ನಿಂತ ಕೆಲಸ, ಹೋದ ಆರ್ಡರು ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಹೋಯಿತು. ಯಾರೂ ಟೆಸ್ಟ್ ಮಾಡಿಸಿರಲಿಲ್ಲ. ಡಾಕ್ಟರು ನೋಡಿ "ಇದು ಫ್ಲೂನೇ ಇರಬೇಕು, ಊರಲ್ಲೆಲ್ಲಾ ಇದೆ" ಅಂದರು.

ಆವತ್ತು ಒಂದು ವೇಸ್ಟ್ ಶೀಟಿನ ಹಿಂದೆ ಲೆಕ್ಕ ಬರೆಯೋಕೆ ಕೂತೆ. ಎಲ್ಲರಿಗೂ ಫ್ಲೂ ಇಂಜೆಕ್ಷನ್ ಹಾಕಿಸಿದರೆ ಹೇಗೆ? ಅಥವಾ ಕೆಲವರಿಗೆ ಮಾತ್ರ? ಆ ಕೆಲವರು ಯಾರು? ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಎಪ್ಪತ್ತೆರಡರ ಅಮ್ಮ ಇದ್ದಾರೆ, ಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. ಇರುವ ದುಡ್ಡು ಅಷ್ಟೇ. ನಿಮ್ಮದೂ ಇದೇ ಪ್ರಶ್ನೆ ಆಗಿದ್ದರೆ, ನಾನು ಓದಿ, ಕೇಳಿ, ಕೂಡಿ ಕಳೆದು ಕಂಡುಕೊಂಡಿದ್ದು ಇಲ್ಲಿದೆ.

ಲಸಿಕೆಯಿಂದ ಎಷ್ಟು ನಿರೀಕ್ಷೆ ಮಾಡಬಹುದು

ಇದು ಪೋಲಿಯೊ ಹನಿಯಂಥದ್ದಲ್ಲ. ವೈರಸ್ ವರ್ಷವರ್ಷ ವೇಷ ಬದಲಿಸುತ್ತದೆ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಒಮ್ಮೆ ಸೆಪ್ಟೆಂಬರ್‌ನಲ್ಲಿ ಒಮ್ಮೆ, ಮುಂದಿನ ಲಸಿಕೆಯಲ್ಲಿ ಯಾವ ತಳಿ ಇರಬೇಕು ಅಂತ ಹೇಳುತ್ತದೆ. ಆ ಅಂದಾಜು ಚೆನ್ನಾಗಿ ಕೂಡಿಬಂದ ವರ್ಷ, ಡಾಕ್ಟರ್ ಹತ್ತಿರ ಹೋಗಬೇಕಾದಂಥ ಫ್ಲೂ ಬರುವ ಸಾಧ್ಯತೆ ಶೇ. 40ರಿಂದ 60ರಷ್ಟು ಇಳಿಯುತ್ತದೆ. ಕೂಡಿಬರದ ವರ್ಷ ಇನ್ನೂ ಕಡಿಮೆ. ಮಾಮೂಲಿ ನೆಗಡಿಗೂ ಇದಕ್ಕೂ ಸಂಬಂಧವಿಲ್ಲ. "ಇಂಜೆಕ್ಷನ್ ತಗೊಂಡೆ, ಆದ್ರೂ ನೆಗಡಿ ಆಯ್ತು" ಅಂತ ಬೈಯುವವರು ಇದನ್ನು ಮರೆಯುತ್ತಾರೆ.

ಹಾಕಿಸಿದ ಮೇಲೆ ಮೈ ತಯಾರಾಗೋಕೆ ಎರಡು ವಾರ ಬೇಕು. ತೋಳು ಒಂದೆರಡು ದಿನ ನೋಯುತ್ತದೆ, ಕೆಲವರಿಗೆ ಮೈ ಸ್ವಲ್ಪ ಬೆಚ್ಚಗಾಗುತ್ತದೆ. ಇಂಜೆಕ್ಷನ್‌ನಲ್ಲಿ ಜೀವಂತ ವೈರಸ್ ಇರುವುದಿಲ್ಲ. ಹಾಗಾಗಿ ಅದರಿಂದಲೇ ಫ್ಲೂ ಬರೋಕೆ ಸಾಧ್ಯವಿಲ್ಲ.

ನಮ್ಮಲ್ಲಿ ಖಾಸಗಿ ಕ್ಲಿನಿಕ್‌ನಲ್ಲಿ ಒಂದು ಡೋಸಿಗೆ ಸುಮಾರು ಒಂದೂವರೆಯಿಂದ ಎರಡು ಸಾವಿರ. ನಾನು ಲೆಕ್ಕಕ್ಕೆ 1,800 ಅಂತ ಇಟ್ಟುಕೊಂಡಿದ್ದೇನೆ. ಮಕ್ಕಳಿಗೆ ಸರ್ಕಾರ ಪುಕ್ಕಟೆ ಹಾಕುವ ಲಸಿಕೆಗಳ ಪಟ್ಟಿಯಲ್ಲಿ ಇದು ಇಲ್ಲ. ಮುಂದಿನ ಎಲ್ಲ ಲೆಕ್ಕವೂ ತಿರುಗುವುದು ಈ ಒಂದು ಸಂಗತಿಯ ಸುತ್ತಲೇ.

ಕೆಲಸದವರಿಗೆಲ್ಲ ಮಾಲೀಕರೇ ಹಾಕಿಸಿದರೆ?

ಕಂಪನಿಗಳಲ್ಲಿ ಕ್ಯಾಂಪ್ ನಡೆಸುವವರು ಹೇಳುವುದು ಇದನ್ನೇ. ರಜೆ ಕಡಿಮೆ ಆಗುತ್ತೆ, ಹಾಕಿದ ದುಡ್ಡು ವಾಪಸ್ ಬರುತ್ತೆ ಅಂತ. ಅದಕ್ಕೆ ಅವರು ತೋರಿಸುವ ಹಳೆಯ ಅಧ್ಯಯನವೂ ಇದೆ. 1994-95ರ ಚಳಿಗಾಲದಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಆರೋಗ್ಯವಾಗಿದ್ದ 849 ದುಡಿಯುವ ಜನರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಲಸಿಕೆ, ಇನ್ನೊಂದಕ್ಕೆ ಬರೀ ನೀರಿನಂಥ ಇಂಜೆಕ್ಷನ್. ಲಸಿಕೆ ಸಿಕ್ಕವರಲ್ಲಿ ಉಸಿರಾಟದ ಕಾಯಿಲೆಗೆ ಹಾಕಿದ ರಜೆ ಶೇ. 43ರಷ್ಟು ಕಡಿಮೆ, ಡಾಕ್ಟರ್ ಭೇಟಿ ಶೇ. 44ರಷ್ಟು ಕಡಿಮೆ. ಒಬ್ಬರಿಗೆ ಸುಮಾರು 47 ಡಾಲರ್ ಉಳಿತಾಯ.

ಕ್ಯಾಂಪಿನವರು ತೋರಿಸದ ಇನ್ನೊಂದು ಅಧ್ಯಯನವೂ ಇದೆ. ಮಿಶಿಗನ್‌ನ ಡಿಯರ್‌ಬಾರ್ನ್‌ನಲ್ಲಿ ಫೋರ್ಡ್ ಕಂಪನಿಯ ಕೆಲಸಗಾರರ ಮೇಲೆ ಎರಡು ವರ್ಷ ನಡೆದದ್ದು. ಮೊದಲ ವರ್ಷ, 1997-98ರಲ್ಲಿ, ಲಸಿಕೆಯ ತಳಿಯೇ ಬೇರೆ, ಊರಲ್ಲಿ ಹರಡಿದ ತಳಿಯೇ ಬೇರೆ. ಲಾಭ ಸೊನ್ನೆ. ಒಬ್ಬರಿಗೆ 65 ಡಾಲರ್‌ಗೂ ಜಾಸ್ತಿ ನಷ್ಟ. ಎರಡನೇ ವರ್ಷ ಚೆನ್ನಾಗಿ ಕೂಡಿಬಂತು. ಕೆಲಸದ ದಿನಗಳ ನಷ್ಟ ಶೇ. 32ರಷ್ಟು, ಡಾಕ್ಟರ್ ಭೇಟಿ ಶೇ. 42ರಷ್ಟು ಇಳಿಯಿತು. ಆದರೂ ಖರ್ಚು ಕಳೆದರೆ ಒಬ್ಬರಿಗೆ 11 ಡಾಲರ್ ಕೈಯಿಂದಲೇ ಹೋಗಿತ್ತು.

ಇದನ್ನೋದಿ ನಾನು ನನ್ನ ವೇಸ್ಟ್ ಶೀಟಿಗೆ ಮರಳಿದೆ. ಒಂದು ವರ್ಷದಲ್ಲಿ ದೊಡ್ಡವರಲ್ಲಿ ಶೇ. 5ರಿಂದ 10 ಜನಕ್ಕೆ ಫ್ಲೂ ಬರುತ್ತದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮಕ್ಕಳಲ್ಲಿ ಶೇ. 20ರಿಂದ 30. ಒಂಬತ್ತು ಜನರ ಪ್ರೆಸ್‌ನಲ್ಲಿ ಅಂದರೆ ಸರಾಸರಿ ವರ್ಷಕ್ಕೆ ಒಬ್ಬರಿಗೂ ಕಡಿಮೆ! ಲಸಿಕೆ ಅದರಲ್ಲಿ ಅರ್ಧ ತಪ್ಪಿಸಿತು ಅಂತಿಟ್ಟುಕೊಂಡರೂ, ಎರಡರಿಂದ ನಾಲ್ಕು ವರ್ಷಕ್ಕೆ ಒಂದು ಜ್ವರ ತಪ್ಪಿದ ಹಾಗೆ. ಐದು ದಿನದ ಕೂಲಿ, ಡಾಕ್ಟರು, ಮಾತ್ರೆ ಎಲ್ಲ ಸೇರಿ ಒಂದು ಜ್ವರಕ್ಕೆ ಐದು ಸಾವಿರ ಅನ್ನೋಣ. ಆ ಐದು ಸಾವಿರ ಉಳಿಸೋಕೆ ನಾನು ವರ್ಷವರ್ಷ 16,200 ಸುರಿಯಬೇಕು. ಲೆಕ್ಕ ಕೂಡಲಿಲ್ಲ.

ಮಷಿನ್‌ಮನ್ ಒಬ್ಬರದ್ದೇ ಬೇರೆ ಬರೆದೆ. ಅವರು ಮಲಗಿದರೆ ಹೋಗುವುದು ಅವರ ಕೂಲಿಯಷ್ಟೇ ಅಲ್ಲ, ಇಡೀ ಪ್ರೆಸ್ಸಿನ ನಲವತ್ತು ಸಾವಿರ. ಅವರಿಗೆ ಫ್ಲೂ ಬರುವ ಸಾಧ್ಯತೆಯನ್ನು ಅರ್ಧ ಮಾಡಿದರೆ ಉಳಿಯುವುದು ಸರಾಸರಿ ಸಾವಿರದಿಂದ ಎರಡು ಸಾವಿರ. ಕೊಡುವುದು 1,800. ಹೆಚ್ಚುಕಡಿಮೆ ಸಮ. ಫೋರ್ಡ್‌ನಂಥ ಕಡೆ ಒಬ್ಬ ಬರದಿದ್ದರೆ ಇನ್ನೊಬ್ಬ ಆ ಜಾಗದಲ್ಲಿ ನಿಲ್ಲುತ್ತಾನೆ. ನಮ್ಮಂಥ ಚಿಕ್ಕ ಕಡೆ ಹಾಗಲ್ಲ ಅಲ್ವಾ? ಹೋಟೆಲ್ಲಾದರೆ ಮುಖ್ಯ ಅಡುಗೆ ಭಟ್ಟರು, ಹಾಲಿನ ಡೇರಿಯಾದರೆ ಬೆಳಗಿನ ಜಾವ ವ್ಯಾನ್ ಓಡಿಸುವವರು. ನಿಮ್ಮಲ್ಲಿ ಅಂಥವರು ಯಾರು ಅಂತ ನಿಮಗೆ ಗೊತ್ತಿರುತ್ತದೆ.

ಇನ್ನೊಂದು ಮಾತು. ದುಡ್ಡಿಲ್ಲದಿದ್ದರೆ, ಜ್ವರ ಬಂದವರಿಗೆ ಸಂಬಳ ಹಿಡಿಯದೆ ಎರಡು ದಿನ ಮನೆಗೆ ಕಳಿಸುವುದು ಲಸಿಕೆಯ ಪಕ್ಕದಲ್ಲೇ ನಿಲ್ಲುವ ಆಯ್ಕೆ. ಆ ವರ್ಷ ಬೈಂಡಿಂಗ್ ಹುಡುಗ ಡೋಲೊ ನುಂಗಿ ಕೆಲಸಕ್ಕೆ ಬಂದಿದ್ದ. ಸಂಬಳ ಕಟ್ ಆಗುತ್ತೆ ಅಂತ. ಒಂದು ದಿನದ ಕೂಲಿ ಉಳಿಸೋಕೆ ಹೋಗಿ ನಾನು ಕಳಕೊಂಡಿದ್ದು ಎಷ್ಟು ಅಂತ ಮೇಲೆ ಹೇಳಿದ್ದೇನೆ.

ಮಕ್ಕಳಿಗೆ ಮೊದಲು: ಇಲ್ಲಿ ಲೆಕ್ಕವೇ ಉಲ್ಟಾ

ನನಗೆ ತುಂಬಾ ಹಿಡಿಸಿದ್ದು ಈ ಭಾಗ. ಫ್ಲೂ ಮನೆಗೆ ಬರುವುದು ಹೆಚ್ಚಾಗಿ ಸ್ಕೂಲ್ ಬ್ಯಾಗಿನ ಜೊತೆ. ಮಕ್ಕಳಿಗೆ ಅದು ಜಾಸ್ತಿ ಬರುತ್ತದೆ, ಅವರು ವೈರಸ್ಸನ್ನು ಜಾಸ್ತಿ ದಿನ ಹರಡುತ್ತಾರೆ, ಮೂಗು ಒರೆಸಿದ ಕೈಯಲ್ಲೇ ಅಜ್ಜಿಯ ಕೆನ್ನೆ ಮುಟ್ಟುತ್ತಾರೆ. ಹಾಗಾದರೆ ಮಗುವಿಗೆ ಹಾಕಿದ ಇಂಜೆಕ್ಷನ್ ಅಜ್ಜಿಯನ್ನು ಉಳಿಸುತ್ತದಾ?

ಜಪಾನ್ ಇದನ್ನು ಒಂದು ತಲೆಮಾರಿನಷ್ಟು ಕಾಲ ಮಾಡಿ ನೋಡಿದೆ. 1962ರಲ್ಲಿ ಅಲ್ಲಿ ಶಾಲಾ ಮಕ್ಕಳಿಗೆ ಫ್ಲೂ ಲಸಿಕೆ ಶುರುವಾಯಿತು, 1977ರಲ್ಲಿ ಕಡ್ಡಾಯವಾಯಿತು. 1987ರಲ್ಲಿ, ಬೇಡ ಅನ್ನುವ ತಂದೆತಾಯಿ ಬಿಡಬಹುದು ಅಂದರು. 1994ರಲ್ಲಿ ಕಾರ್ಯಕ್ರಮವೇ ನಿಂತುಹೋಯಿತು. ನಿಲ್ಲಿಸೋಕೆ ಒಂದು ಕಾರಣ ಮಾಯೆಬಾಶಿ ಅನ್ನುವ ಊರು. 1979ರಲ್ಲಿ ಲಸಿಕೆ ಹಾಕಿದ ಮಗುವಿಗೆ ಫಿಟ್ಸ್ ಬಂತು ಅಂತ ಅಲ್ಲಿ ಲಸಿಕೆ ಬಿಟ್ಟರು. ಆಮೇಲೆ ಸುತ್ತಲಿನ ಊರುಗಳ ಜೊತೆ ಹೋಲಿಸಿ, ಮಕ್ಕಳಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಅಂತ 1987ರಲ್ಲಿ ವರದಿ ಕೊಟ್ಟರು.

ಅವರು ನೋಡಿದ್ದು ಮಕ್ಕಳನ್ನು. 2001ರಲ್ಲಿ ಬೇರೆಯವರು ವಯಸ್ಸಾದವರ ಸಾವಿನ ಅಂಕಿ ತೆಗೆದು ನೋಡಿದರು. ಮಕ್ಕಳಿಗೆ ಲಸಿಕೆ ಹಾಕುತ್ತಿದ್ದ ವರ್ಷಗಳಲ್ಲಿ ಚಳಿಗಾಲದ ಸಾವುಗಳು ಇಳಿದಿದ್ದವು, ನಿಲ್ಲಿಸಿದ ಮೇಲೆ ಮತ್ತೆ ಏರಿದ್ದವು. ಆ ಕಾರ್ಯಕ್ರಮ ವರ್ಷಕ್ಕೆ 37,000ದಿಂದ 49,000 ಸಾವು ತಪ್ಪಿಸುತ್ತಿತ್ತು ಅನ್ನುವುದು ಅವರ ಲೆಕ್ಕ. ಸುಮಾರು 420 ಮಕ್ಕಳಿಗೆ ಲಸಿಕೆ ಹಾಕಿದರೆ ಒಂದು ಜೀವ. ಉಳಿದ ಜೀವ ಹೆಚ್ಚಾಗಿ ಅಜ್ಜ ಅಜ್ಜಿಯರದ್ದು. ನಮ್ಮ ಕ್ಲಿನಿಕ್ ಬೆಲೆಯಲ್ಲೇ ಗುಣಿಸಿದೆ. 420 ಇಂಜೆಕ್ಷನ್‌ಗೆ 7 ಲಕ್ಷದ 56 ಸಾವಿರ. ಸರ್ಕಾರ ಸಗಟಿನಲ್ಲಿ ಕೊಂಡರೆ ಇನ್ನೂ ಕಡಿಮೆ ಬೀಳುತ್ತದೆ.

ಇದು ಕಾಲದಿಂದ ಕಾಲಕ್ಕೆ ಮಾಡಿದ ಹೋಲಿಕೆ. ಆ ವರ್ಷಗಳಲ್ಲಿ ಜಪಾನಿನಲ್ಲಿ ಇನ್ನೂ ಏನೇನೋ ಬದಲಾಗಿತ್ತು, ಹಾಗಾಗಿ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಆದರೆ ಟೋಕಿಯೊದ ಒಂದೇ ಪ್ರಾಥಮಿಕ ಶಾಲೆಯ 24 ವರ್ಷದ ದಾಖಲೆಯೂ ಅದೇ ದಾರಿಯಲ್ಲಿದೆ. ಫ್ಲೂ ಜಾಸ್ತಿಯಾಗಿ ತರಗತಿ ಮುಚ್ಚಿದ ದಿನಗಳು ಲಸಿಕೆ ಕಡ್ಡಾಯವಿದ್ದಾಗ ವರ್ಷಕ್ಕೆ ಸರಾಸರಿ 1.3. ಲಸಿಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವಂತಿದ್ದ ವರ್ಷಗಳಲ್ಲಿ 20.5. ಒಂದು ತರಗತಿ ಮುಚ್ಚಿದರೆ ಎಷ್ಟು ಅಮ್ಮಂದಿರು ರಜೆ ಹಾಕಬೇಕು ಅಂತ ನನ್ನ ಹೆಂಡತಿಯನ್ನು ಕೇಳಿ. ಅವಳು ಟೀಚರ್. ಮನೆ ಮಕ್ಕಳಿಗೆ ಜ್ವರ ಬಂದಾಗ ಅವಳು ರಜೆ ಹಾಕುತ್ತಾಳೆ, ಆ ದಿನ ಅವಳ ಕ್ಲಾಸಿನ ನಲವತ್ತು ಮಕ್ಕಳನ್ನು ಪಕ್ಕದ ಕ್ಲಾಸಿನಲ್ಲಿ ಒತ್ತರಿಸಿ ಕೂರಿಸುತ್ತಾರೆ.

ಇನ್ನೂ ಗಟ್ಟಿ ಪುರಾವೆ ಬೇಕಾ? ಕೆನಡಾದ ಹಟರೈಟ್ ಜನ ಕೃಷಿ ಮಾಡಿಕೊಂಡು ಸಣ್ಣ ಸಣ್ಣ ಕಾಲೊನಿಗಳಲ್ಲಿ ಇರುತ್ತಾರೆ. ಊಟವೂ ಒಟ್ಟಿಗೆ, ಕೆಲಸವೂ ಒಟ್ಟಿಗೆ. 2008-09ರಲ್ಲಿ ಇಂಥ 49 ಕಾಲೊನಿಗಳಲ್ಲಿ ಮಕ್ಕಳಿಗೆ ಮಾತ್ರ ಇಂಜೆಕ್ಷನ್ ಹಾಕಿದರು. ಕೆಲವು ಕಾಲೊನಿಗೆ ಫ್ಲೂ ಲಸಿಕೆ, ಉಳಿದವಕ್ಕೆ ಹೆಪಟೈಟಿಸ್ ಎ ಲಸಿಕೆ. ಯಾವುದು ಯಾರಿಗೆ ಅಂತ ಚೀಟಿ ಎತ್ತಿದ ಹಾಗೆ ಹಂಚಿದ್ದರು. ಫ್ಲೂ ಲಸಿಕೆಯ ಕಾಲೊನಿಗಳಲ್ಲಿ ಇಂಜೆಕ್ಷನ್ ಹಾಕಿಸಿಕೊಳ್ಳದವರಲ್ಲೂ ಫ್ಲೂ ಶೇ. 61ರಷ್ಟು ಕಡಿಮೆಯಾಯಿತು. ಸೂಜಿ ಒಬ್ಬರ ತೋಳಿಗೆ, ಲಾಭ ಪಕ್ಕದವರಿಗೆ.

ಆದರೆ ನಮ್ಮ ಊರು ಹಟರೈಟ್ ಕಾಲೊನಿ ಅಲ್ಲ. ಅಲ್ಲಿ ಹೆಚ್ಚಿನ ಮಕ್ಕಳಿಗೂ ಹಾಕಿದ್ದಕ್ಕೆ ಅಷ್ಟು ಲಾಭ. ನೂರು ಮಕ್ಕಳ ಸ್ಕೂಲಿನಲ್ಲಿ ಮೂವರಿಗೆ ಹಾಕಿಸಿದರೆ ಸ್ಕೂಲಿಗೆ ಏನೂ ಆಗುವುದಿಲ್ಲ, ಆ ಮೂರು ಮನೆಗಳಿಗೆ ಅಷ್ಟೇ. ಬ್ರಿಟನ್ ಇದನ್ನು ತಿಳಿದೇ 2013ರಿಂದ ಹಂತ ಹಂತವಾಗಿ ಮಕ್ಕಳಿಗೆ ಮೂಗಿಗೆ ಬಿಡುವ ಲಸಿಕೆ ಶುರುಮಾಡಿತು. ನರ್ಸ್‌ಗಳೇ ಶಾಲೆಗೆ ಬರುತ್ತಾರೆ. ಸೂಜಿ ಇಲ್ಲ, ಅಳು ಇಲ್ಲ, ಬಿಲ್ಲೂ ಇಲ್ಲ.

ಹಿರಿಯರಿಗೆ ಮೊದಲು

ಇಲ್ಲಿ ಲೆಕ್ಕ ಬೇಗ ಮುಗಿಯುತ್ತದೆ. ಫ್ಲೂ ಬಂದ ಮೊದಲ ವಾರ ಹಾರ್ಟ್ ಅಟ್ಯಾಕ್ ಸಾಧ್ಯತೆ ಆರು ಪಟ್ಟು ಏರುತ್ತದೆ ಅಂತ ಕೆನಡಾದ ಒಂಟಾರಿಯೊದಲ್ಲಿ ಕಂಡುಕೊಂಡಿದ್ದಾರೆ. ಹಾರ್ಟ್ ಅಟ್ಯಾಕ್ ಆಗಿ ಆಸ್ಪತ್ರೆ ಸೇರಿದವರಿಗೆ ಅಲ್ಲೇ ಫ್ಲೂ ಲಸಿಕೆ ಹಾಕಿ ನೋಡಿದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂತು. ಒಂದು ವರ್ಷದಲ್ಲಿ ಸಾವು, ಮತ್ತೆ ಅಟ್ಯಾಕ್, ಹೃದಯದ ರಕ್ತನಾಳಕ್ಕೆ ಹಾಕಿದ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಇವುಗಳಲ್ಲಿ ಯಾವುದಾದರೂ ಆದದ್ದು ಲಸಿಕೆ ಸಿಕ್ಕವರಲ್ಲಿ ಶೇ. 5.3, ಸಿಗದವರಲ್ಲಿ ಶೇ. 7.2. ಸಕ್ಕರೆ ಕಾಯಿಲೆ, ದಮ್ಮು, ಹೃದಯದ ತೊಂದರೆ ಇರುವ ಹಿರಿಯರು ಮನೆಯಲ್ಲಿದ್ದರೆ ಕೂಲಿ ಲೆಕ್ಕ ಬಿಡಿ. ಐಸಿಯು ಒಂದು ದಿನದ ಬಿಲ್ಲಿಗೆ ಎಷ್ಟು ಇಂಜೆಕ್ಷನ್ ಬರುತ್ತವೆ ಅಂತ ನೋಡಿ. ಆಮೇಲೆ ಆಸ್ಪತ್ರೆ ಕಾಯಲು ಕೂರುವ ಮಗನ ರಜೆ, ಊಟ ಹೊತ್ತು ಓಡಾಡುವ ಸೊಸೆಯ ರಜೆ ಬೇರೆ.

ಒಂದು ತೊಡಕಿದೆ. ವಯಸ್ಸಾದಂತೆ ಮೈ ಲಸಿಕೆಗೆ ಅಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ. ಅಮ್ಮನಿಗೆ ಹಾಕಿಸಿ ಸುಮ್ಮನಾದರೆ ಅರ್ಧ ಕೆಲಸ. ಅಮ್ಮನ ಪಕ್ಕ ಮಲಗುವ ಮೊಮ್ಮಗುವಿಗೂ ಹಾಕಿಸಿದರೆ ಉಳಿದರ್ಧ.

ಬಸುರಿಯರ ವಿಷಯ ಇನ್ನೂ ಸರಳ. ಆರು ತಿಂಗಳೊಳಗಿನ ಕೂಸಿಗೆ ಫ್ಲೂ ಲಸಿಕೆಯೇ ಇಲ್ಲ. ಆ ಕೂಸಿಗೆ ಇರುವ ಒಂದೇ ದಾರಿ ಅಮ್ಮನ ತೋಳು. ಬಾಂಗ್ಲಾದೇಶದಲ್ಲಿ 340 ತಾಯಂದಿರ ಮೇಲೆ ನಡೆದ, 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬಸುರಿದ್ದಾಗ ಫ್ಲೂ ಲಸಿಕೆ ಪಡೆದವರ ಶಿಶುಗಳಲ್ಲಿ ಖಚಿತವಾದ ಫ್ಲೂ ಶೇ. 63ರಷ್ಟು ಕಡಿಮೆ ಇತ್ತು. ಒಂದೇ ಡೋಸು, ಇಬ್ಬರಿಗೆ. ನಿಮ್ಮ ಡಾಕ್ಟರನ್ನು ಕೇಳಿ ಹಾಕಿಸಿ. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದ ಸಲಹೆಯಲ್ಲೂ ಬಸುರಿಯರು, ಆರೋಗ್ಯ ಕಾರ್ಯಕರ್ತರು, ಹಿರಿಯರು, ದೀರ್ಘ ಕಾಯಿಲೆಯವರು, ಚಿಕ್ಕ ಮಕ್ಕಳು ಇದ್ದಾರೆ. ಸಲಹೆ ಇದೆ, ಆದರೆ ದುಡ್ಡು ನಮ್ಮದು.

ಎಲ್ಲರಿಗೂ ಸರ್ಕಾರವೇ ಹಾಕಿಸಿದರೆ?

ಒಂಟಾರಿಯೊ 2000ದಲ್ಲಿ ಅದನ್ನೇ ಮಾಡಿತು. ಆರು ತಿಂಗಳು ದಾಟಿದ ಎಲ್ಲರಿಗೂ ಪುಕ್ಕಟೆ. ಅಕ್ಕಪಕ್ಕದ ಪ್ರಾಂತ್ಯಗಳು ಹಳೆಯ ಹಾಗೇ ಅಪಾಯ ಇದ್ದವರಿಗೆ ಮಾತ್ರ ಕೊಡುತ್ತಿದ್ದವು. ಹಾಗಾಗಿ ಹೋಲಿಸೋಕೆ ಚೆನ್ನಾಗಿತ್ತು. ಸಾವು, ಆಸ್ಪತ್ರೆ ಭೇಟಿ ಎರಡೂ ಒಂಟಾರಿಯೊದಲ್ಲಿ ಹೆಚ್ಚು ಇಳಿದವು. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು. ಫ್ಲೂ ಕಾಲದಲ್ಲಿ ಬರೆದುಕೊಡುವ ಆಂಟಿಬಯೋಟಿಕ್ ಚೀಟಿಗಳು ಬೇರೆ ಪ್ರಾಂತ್ಯಗಳಿಗೆ ಹೋಲಿಸಿದರೆ ಶೇ. 64ರಷ್ಟು ಕಡಿಮೆಯಾದವು.

ಫ್ಲೂ ವೈರಸ್‌ಗೆ ಆಂಟಿಬಯೋಟಿಕ್ ಏನೂ ಮಾಡಲ್ಲ. ಆದರೆ ನಮ್ಮ ಬೀದಿಯ ಮೆಡಿಕಲ್ ಸ್ಟೋರಿನಲ್ಲಿ ಜುಲೈ ಸಂಜೆ ಹತ್ತು ನಿಮಿಷ ನಿಂತು ನೋಡಿ. "ಜ್ವರ, ಗಂಟಲು ನೋವು" ಅಂದರೆ ಸಾಕು, ಚೀಟಿ ಕೇಳದೆ ಮೂರು ಮಾತ್ರೆಯ ಅಜಿತ್ರೋಮೈಸಿನ್ ಪಟ್ಟಿ ಕೌಂಟರ್ ಮೇಲೆ ಬರುತ್ತದೆ. ನಾನೂ ತಗೊಂಡಿದ್ದೇನೆ, ಸುಳ್ಳು ಹೇಳಲ್ಲ. ಹೀಗೆ ತಿಂದು ತಿಂದು ಆ ಮಾತ್ರೆ ನಿಜವಾಗಿ ಬೇಕಾದ ದಿನ ಕೆಲಸ ಮಾಡದ ಹಾಗಾಗುತ್ತದೆ. ಈ ನಷ್ಟ ಯಾರ ಪುಸ್ತಕದಲ್ಲೂ ಬರೆದಿರುವುದಿಲ್ಲ.

ನನ್ನ ಪ್ರೆಸ್ಸಿನ ಲೆಕ್ಕದಲ್ಲಿ ನಷ್ಟ ಕಂಡ ಅದೇ ಇಂಜೆಕ್ಷನ್, ಇಡೀ ಊರಿನ ಲೆಕ್ಕದಲ್ಲಿ ಲಾಭ. ಕಾರಣ, ಊರಿನ ಪುಸ್ತಕದಲ್ಲಿ ಅಜ್ಜಿಯ ಐಸಿಯು ಬಿಲ್ಲೂ ಇದೆ, ಟೀಚರ್ ರಜೆಯೂ ಇದೆ, ಅಜಿತ್ರೋಮೈಸಿನ್ನೂ ಇದೆ. ಅದಕ್ಕೇ ಇದನ್ನು ಒಬ್ಬೊಬ್ಬರ ಜೇಬಿಗೆ ಬಿಟ್ಟರೆ ಹಾಕಿಸುವವರು ಕಡಿಮೆ. ನನ್ನ ಕೇಳಿದರೆ, ಎಲ್ಲರಿಗೂ ಆಗದಿದ್ದರೆ ಬೇಡ, ಬಸುರಿಯರಿಗೆ ಮತ್ತು ಅಂಗನವಾಡಿ ಮಕ್ಕಳಿಗಾದರೂ ಸರ್ಕಾರ ಕೊಡಲಿ.

ಯಾವಾಗ, ಯಾವುದು

ಕರ್ನಾಟಕದಲ್ಲಿ ಫ್ಲೂ ಜೋರಾಗುವುದು ಮಳೆಗಾಲದಲ್ಲಿ, ಆಮೇಲೆ ಚಳಿಗಾಲದ ಕೊನೆಗೆ ಇನ್ನೊಂದು ಸಣ್ಣ ಅಲೆ. ಹಾಗಾಗಿ ಏಪ್ರಿಲ್-ಮೇನಲ್ಲಿ, ಸ್ಕೂಲು ಶುರುವಾಗುವ ಮೊದಲು ಹಾಕಿಸಿ. ಅಕ್ಟೋಬರಿನಲ್ಲಿ ಹಾಕಿಸಿ ಅನ್ನುವ ಸಲಹೆ ಚಳಿ ದೇಶಗಳದ್ದು. ಮಗನ ಮನೆಗೆ ಅಂತ ಚಳಿಗಾಲದಲ್ಲಿ ಅಮೆರಿಕಕ್ಕೆ ಹೊರಡುವ ಅಪ್ಪ ಅಮ್ಮಂದಿರಿಗೆ ಮಾತ್ರ ಅದು ಸರಿ.

ಲಸಿಕೆಯಲ್ಲಿ ಮೂರು ತಳಿಯದ್ದು, ನಾಲ್ಕು ತಳಿಯದ್ದು ಅಂತ ಎರಡು ಬಗೆ. ನಾಲ್ಕು ತಳಿಯದ್ದೇ ಬೇಕು ಅಂತ ಹಟ ಬೇಡ. ಬಿ ಯಮಗಾಟ ಅನ್ನುವ ನಾಲ್ಕನೇ ತಳಿ 2020ರ ಮಾರ್ಚ್ ನಂತರ ಎಲ್ಲೂ ಖಚಿತವಾಗಿ ಕಂಡಿಲ್ಲ. ಮೂರು ತಳಿಯದ್ದೇ ಸಾಕು. ಡಬ್ಬಿಯ ಮೇಲೆ ಯಾವ ವರ್ಷದ್ದು ಅಂತ ಮಾತ್ರ ತಪ್ಪದೆ ನೋಡಿ. ಹೋದ ವರ್ಷದ ಸ್ಟಾಕು ಕೈಗೆ ಬರಬಾರದು. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲವಾದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸು ಬೇಕು. ಬಜೆಟ್ ಹಾಕುವಾಗ ಇದನ್ನು ಮರೆತರೆ ಲೆಕ್ಕ ತಪ್ಪುತ್ತದೆ. ನಾನು ಮರೆತಿದ್ದೆ.

ನಾನು ಆರಿಸಿದ್ದು

ಒಂದೇ ಇಂಜೆಕ್ಷನ್‌ಗೆ ದುಡ್ಡಿದ್ದರೆ: ಮನೆಯಲ್ಲಿ ಬಸುರಿ ಇದ್ದರೆ ಅವರಿಗೆ, ಇಲ್ಲದಿದ್ದರೆ ಕಾಯಿಲೆ ಇರುವ ಹಿರಿಯರಿಗೆ. ಇನ್ನೂ ಸ್ವಲ್ಪ ಇದ್ದರೆ ಅವರ ಜೊತೆ ಇರುವ ಮಕ್ಕಳಿಗೆ. ಗಟ್ಟಿಮುಟ್ಟಾದ ಮೂವತ್ತರ ವಯಸ್ಸಿನವರು ಕೊನೆಗೆ. ಅವರು ಆಸ್ಪತ್ರೆಯಲ್ಲಿ ಅಥವಾ ಹಿರಿಯರ ಆರೈಕೆಯ ಕೆಲಸದಲ್ಲಿದ್ದರೆ ಮಾತ್ರ ಮುಂದಕ್ಕೆ ಬರಬೇಕು. ಅಂಗಡಿ, ಕಾರ್ಖಾನೆ ಇದ್ದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸುವ ಮೊದಲು, ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ಒಮ್ಮೆ ಕೇಳಿ.

ಈ ಮೇನಲ್ಲಿ ಅಮ್ಮನಿಗೆ, ನಮ್ಮ ಇಬ್ಬರು ಮಕ್ಕಳಿಗೆ, ಮಷಿನ್‌ಮನ್‌ಗೆ ಹಾಕಿಸಿದೆ. ಬೈಂಡಿಂಗ್ ಹುಡುಗನಿಗೂ ಹಾಕಿಸೋಣ ಅಂತ ಕರೆದೆ. ಆಮೇಲೆ ಮನಸ್ಸು ಬದಲಿಸಿ ಅದೇ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಅವನ ಮಗಳಿಗೆ ಹಾಕಿಸಿದೆ. ಅವಳಿಗೆ ಆರು ವರ್ಷ. ಎರಡನೇ ಡೋಸಿನ ತಾರೀಖು ಪ್ರೆಸ್ಸಿನ ಗೋಡೆಯ ಕ್ಯಾಲೆಂಡರಿನಲ್ಲಿ, ಪೇಪರ್ ಲೋಡ್ ಬರುವ ದಿನದ ಪಕ್ಕದಲ್ಲೇ, ಕೆಂಪು ಇಂಕಿನಲ್ಲಿ ಬರೆದಿದೆ. ಬರೆದವನು ಅವರಪ್ಪ.